ಮೂರನೇ ಮಹಡಿಯ ಭೋಗ್ಯದ ದುಡ್ಡು

ಮಾ ಗುಮ್‌ಸುನ್ ಅಕ್ಕನಿಗೆ ಆ ಮೂರು ಮಹಡಿಯ ಮನೆ ಕೊಡಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆ ಯಾರೋ ಬಂದು ನಿಮ್ಮ ಕಿವಿಯಲ್ಲಿ ಊದುವುದು ಬೇಡ. ದೇಜಾನ್ ಊರಿನ ನಮ್ಮ ಬೀದಿಯ ಮೂಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ನನ್ನ ದಲ್ಲಾಳಿ ಆಫೀಸಿದೆ. ಪರವಾನಗಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ. ಅದರ ಕೆಳಗೆ ಕೂತು ಎಷ್ಟೋ ಜನರಿಗೆ ಎಷ್ಟೋ ಬುದ್ಧಿ ಹೇಳಿದ್ದೇನೆ. ಅದರಲ್ಲಿ ಅರ್ಧ ಒಳ್ಳೆಯದು.

ಗುಮ್‌ಸುನ್ ಅಕ್ಕ ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ದಿನಕ್ಕೆ ಒಂಬೈನೂರು ಮಕ್ಕಳಿಗೆ ಸಾರು ಬಡಿಸಿ ಬಡಿಸಿ ಎರಡೂ ಮಣಿಕಟ್ಟಿಗೆ ಆಪರೇಷನ್ ಆಗಿತ್ತು. ಗಂಡ ಟ್ಯಾಕ್ಸಿ ಓಡಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಟ್ಯಾಕ್ಸಿ ಪರವಾನಗಿಯನ್ನು ಮಾರಿ, ಆ ದುಡ್ಡನ್ನೂ ತನ್ನ ಉಳಿತಾಯವನ್ನೂ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಮಕ್ಕಳಿಲ್ಲ. ಮುದಿವಯಸ್ಸಿಗೆ ಆಸರೆಯಾಗಿ ಏನಾದರೂ ಬೇಕು ಅಂದಳು. ನಾನು ಈ ಮನೆ ತೋರಿಸಿದೆ. ಕೆಳಗೆ ಎರಡು ಸಂಸಾರ, ನಡುವಿನ ದೊಡ್ಡ ಮನೆಯಲ್ಲಿ ತಾನು, ಮೇಲೆ ಮೂರನೇ ಮಹಡಿಯಲ್ಲಿ ಒಂದು ಸಂಸಾರ. ಬೆಲೆಯ ಕಾಲು ಭಾಗ ಕೂಡ ಅವಳ ಹತ್ತಿರ ಇರಲಿಲ್ಲ.

ನಮ್ಮಲ್ಲಿ ಅದೊಂದು ತೊಡಕೇ ಅಲ್ಲ. ಭೋಗ್ಯಕ್ಕೆ ಬರುವವರು ದೊಡ್ಡ ಮೊತ್ತವನ್ನು ಒಂದೇ ಸಲ ಯಜಮಾನರ ಕೈಗಿಟ್ಟು, ಬಾಡಿಗೆಯಿಲ್ಲದೆ ಇದ್ದು, ಗಡುವು ಮುಗಿದಾಗ ಅಷ್ಟನ್ನೂ ವಾಪಸ್ ತೆಗೆದುಕೊಂಡು ಹೋಗುತ್ತಾರೆ. ಆ ದುಡ್ಡು ಯಜಮಾನರ ಪೆಟ್ಟಿಗೆಯಲ್ಲಿ ಕೂತಿರುವುದಿಲ್ಲ. ಅದರಲ್ಲೇ ಮನೆ ಕೊಂಡಿರುತ್ತಾರೆ. ಹೋಗುವವರಿಗೆ ಕೊಡುವುದು ಮುಂದೆ ಬರುವವರ ದುಡ್ಡು. ಎಲ್ಲರಿಗೂ ಗೊತ್ತಿರುವ ಸಂಗತಿ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಅಕ್ಕ ಅಂದು ಕೇಳಿದ್ದಳು: "ಅಲ್ಲ ಓಕ್ಜು, ಇದೆಲ್ಲಾ ನಾನು ತೀರಿಸಬೇಕಾದ ಸಾಲವೇ ಅಲ್ವೇನೇ?"

"ಬ್ಯಾಂಕಿಂದು ಸಾಲ ಅಕ್ಕ. ಭೋಗ್ಯದ್ದು ಸಾಲ ಅಲ್ಲ. ಒಬ್ರು ಹೋದ್ರೆ ಇನ್ನೊಬ್ರು ಬರ್ತಾರೆ, ಮೊದಲಿಗಿಂತ ಜಾಸ್ತೀನೇ ತರ್ತಾರೆ. ನೀವು ಆರಾಮಾಗಿರಿ."

ಹೀಗಂದು ಕಮಿಷನ್ ತೆಗೆದುಕೊಂಡೆ. ಭೋಗ್ಯದ ದುಡ್ಡು ಸಾಲವೇ. ಅದಕ್ಕೆ ಬಡ್ಡಿಯಿಲ್ಲ ಅಷ್ಟೇ, ಆದರೆ ತಾರೀಕಿದೆ. ಮನೆ ಕೊಳ್ಳುವವರಿಗೆ ಈಗ ನಾನು ಮೊದಲು ಹೇಳುವ ಮಾತು ಇದೇ. ಆಗ ಹೇಳಲಿಲ್ಲ.

ನಾಲ್ಕು ವರ್ಷ ಎಲ್ಲ ಸರಿಯಾಗಿಯೇ ಇತ್ತು. ಈ ಸಲದ ಚಳಿಗಾಲದ ಕೊನೆಗೆ ಮೂರನೇ ಮಹಡಿಯ ಥಾಕ್ ಜೇವನ್ ಮನೆ ಬಿಡುತ್ತೇನೆಂದ. ಬಾಯಲ್ಲಿ ಹೇಳಲಿಲ್ಲ. ಒಂದು ಮಹಡಿ ಇಳಿದರೆ ಯಜಮಾನಿಯ ಬಾಗಿಲು, ಆದರೂ ಅಂಚೆ ಕಚೇರಿಗೆ ಹೋಗಿ ಮುದ್ರೆ ಒತ್ತಿಸಿ ನೋಟಿಸ್ ಕಳಿಸಿದ. ಚಾಂದ್ರಮಾನ ತಿಂಗಳ ಹತ್ತೊಂಬತ್ತನೇ ದಿನ, ಮನೆ ಬದಲಿಸಲು ಶುಭವೆನ್ನುವ ಭೂತ ಕಾಡದ ದಿನ ನೋಡಿ ಲಾರಿ ಗೊತ್ತುಮಾಡಿದ್ದಾನಂತೆ. ಅಂದು ಮಧ್ಯಾಹ್ನ ಹನ್ನೆರಡರೊಳಗೆ ಅವನ ಹನ್ನೆರಡು ಕೋಟಿ ವೊನ್ ಅವನಿಗೆ ಸೇರಬೇಕು. ಸೇರದಿದ್ದರೆ ಅವನು ಹೋಗಬೇಕಾದ ಹೊಸ ಮನೆ ಕೈತಪ್ಪುತ್ತದೆ, ಅಲ್ಲಿ ಕೊಟ್ಟ ಮುಂಗಡವೂ ಮುಳುಗುತ್ತದೆ. ಹಾಗಾದರೆ ಕೋರ್ಟಿಗೆ ಹೋಗುತ್ತೇನೆ ಅಂತ ಕೊನೆಯಲ್ಲಿ ಬರೆದಿದ್ದ.

ಅಕ್ಕ ಆ ಕಾಗದ ಹಿಡಿದು ನನ್ನ ಆಫೀಸಿಗೆ ಬಂದಳು.

"ನಾಲ್ಕು ವರ್ಷ ಅವನಿಗೆ ಕೋಸಿನ ಕಿಮ್ಚಿ ಹಾಕಿ ಕೊಟ್ಟಿದ್ದೀನಿ ಕಣೇ! ಹನ್ನೆರಡು ಮೆಟ್ಲು ಇಳಿದು ಬಂದು ಹೇಳೋಕೆ ಏನಾಗಿತ್ತು ಆ ಹುಡುಗನಿಗೆ?"

"ಇಳಿದು ಬಂದಿದ್ರೆ ನೀವು ಇನ್ನೊಂದು ಡಬ್ಬಿ ಕಿಮ್ಚಿ ಕೊಟ್ಟು ಮೇಲೆ ಕಳಿಸ್ತಿದ್ರಿ. ಅವನಿಗೂ ಗೊತ್ತು."

ನಗಿಸಲೆಂದು ಅಂದೆ. ಅವಳು ನಗಲಿಲ್ಲ. ನನಗೂ ಒಳಗೆ ಭಯ ಹತ್ತಿತ್ತು. ಜೇವನ್ ಕೋರ್ಟಿಗೆ ಹೋದರೆ, ದುಡ್ಡು ಕೊಟ್ಟಿಲ್ಲ ಎಂಬುದು ಮನೆಯ ನೋಂದಣಿ ಪತ್ರದಲ್ಲೇ ದಾಖಲಾಗುತ್ತದೆ. ಅದನ್ನು ನೋಡಿದ ಮೇಲೆ ಯಾವ ಮಹಡಿಗೂ ನರಪಿಳ್ಳೆ ಬರುವುದಿಲ್ಲ. ಕೆಳಗಿನ ಎರಡು ಸಂಸಾರಗಳೂ ತಮ್ಮ ದುಡ್ಡು ಕೇಳುತ್ತವೆ. ಆಮೇಲೆ ಹರಾಜೇ. ಇಪ್ಪತ್ತಾರು ವರ್ಷದ ಸಾರು, ಗಂಡನ ಟ್ಯಾಕ್ಸಿ, ಎಲ್ಲಾ ಹೋಗುತ್ತದೆ.

ಮೂರನೇ ಮಹಡಿಗೆ ಹೊಸಬರನ್ನು ಹುಡುಕಲು ಶುರುಮಾಡಿದೆ. ದರ ಬಿದ್ದುಹೋಗಿತ್ತು. ಪೇಪರಿನ ತುಂಬ ಭೋಗ್ಯದ ಮೋಸದ ಸುದ್ದಿಗಳೇ. ಹುಡುಗರು ಮನೆ ನೋಡಲು ಬಂದರೆ ನೀರಿನ ನಲ್ಲಿ ತಿರುಗಿಸಿ ನೋಡುವ ಮೊದಲೇ ಬ್ಯಾಂಕ್ ಸಾಲ ಎಷ್ಟು ಅಂತ ಕೇಳುತ್ತಿದ್ದರು. ಹನ್ನೆರಡು ಕೇಳಿದೆವು, ಹನ್ನೊಂದಕ್ಕೆ ಇಳಿದೆವು, ಹತ್ತಕ್ಕೆ ಇಳಿದೆವು. ಅಕ್ಕ ಮೆಟ್ಟಿಲ ಗೋಡೆಗೆ ತಾನೇ ಬಣ್ಣ ಹಚ್ಚಿದಳು. ಮನೆ ಬೇಗ ಹೋಗಲಿ ಅಂತ ಮೂರನೇ ಮಹಡಿಯ ಬಾಗಿಲ ಪಕ್ಕ ಕತ್ತರಿಯನ್ನು ತಲೆಕೆಳಗಾಗಿ ನೇತುಹಾಕಿದಳು. ವ್ಯಾಪಾರ ಚೆನ್ನಾಗಿರುವ ಅಂಗಡಿಯಿಂದ ಕದ್ದ ಕತ್ತರಿಯಾದರೆ ಹೆಚ್ಚು ಫಲ ಅನ್ನುತ್ತಾರೆ. ಕೋಳಿ ಕರಿಯುವ ಅಂಗಡಿಯಿಂದ ಎತ್ತಿಕೊಂಡು ಬಂದಿದ್ದಳು. ಅರವತ್ತಮೂರು ವರ್ಷದ ಹೆಂಗಸು, ಜೀವನದಲ್ಲಿ ಮೊದಲ ಕಳ್ಳತನ. ಮಾರನೇ ದಿನ ಮನಸ್ಸು ತಡೆಯದೆ ಅದೇ ಅಂಗಡಿಗೆ ಹೋಗಿ ಎರಡು ಕೋಳಿ ಕೊಂಡು ತಂದು ನನಗೂ ಒಂದು ಕೊಟ್ಟಳು.

ಗಡುವಿಗೆ ನಾಲ್ಕು ವಾರ ಇರುವಾಗ ಒಬ್ಬಳು ಒಪ್ಪಿದಳು. ಹೆಸರು ಸಿಯನ್. ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ, ಇಪ್ಪತ್ತೇಳು ವರ್ಷ. ಆದರೆ ಒಂಬತ್ತು ಕೋಟಿಗಿಂತ ಒಂದು ವೊನ್ ಹೆಚ್ಚು ಕೊಡಲು ತಯಾರಿಲ್ಲ. ಒಂಬತ್ತು ಬಂದರೂ ಮೂರು ಕೋಟಿ ಕಡಿಮೆ. ಅಕ್ಕನ ಹತ್ತಿರ ಅಷ್ಟು ಎಲ್ಲಿಂದ ಬರಬೇಕು? ಬ್ಯಾಂಕು ಇನ್ನು ಸಾಲ ಕೊಡುವುದಿಲ್ಲ ಎಂದಿತ್ತು. ಆಗಲೇ ಬಡ್ಡಿ ಎರಡು ಪಟ್ಟಾಗಿ, ಅವಳ ಪಿಂಚಣಿಯೆಲ್ಲ ಅದಕ್ಕೇ ಹೋಗುತ್ತಿತ್ತು. ರಾತ್ರಿ ನಿದ್ದೆ ಬರುತ್ತಿಲ್ಲ ಅಂದಳು. ಊಟ ಸೇರುತ್ತಿಲ್ಲ ಅಂದಳು. ಮೇಲಿನ ಮನೆಯಲ್ಲಿ ಕುರ್ಚಿ ಸರಿದ ಸದ್ದಾದರೂ ಎದ್ದು ಕೂರುತ್ತಾಳಂತೆ.

ಅಂಥ ಹೊತ್ತಿನಲ್ಲಿ ಗಿಲ್ ಎಂಬುವನು ಬಂದ. ಖಾಸಗಿ ಸಾಲ ಕೊಡಿಸುವವನು. ಇಂಥವರಿಗೆ ಕಷ್ಟದ ವಾಸನೆ ಎಲ್ಲಿಂದ ಬಡಿಯುತ್ತದೋ. ನನ್ನ ಆಫೀಸಿನಲ್ಲೇ ಕಾಲ ಮೇಲೆ ಕಾಲು ಹಾಕಿ ಕೂತು ಅಕ್ಕನಿಗೆ ಹೇಳಿದ:

"ಸುಲಭ ಅಮ್ಮಾ. ಆ ಹುಡುಗಿ ಮನೆಗೆ ಬಂದ ದಿನಾನೇ ವಾರ್ಡ್ ಆಫೀಸಲ್ಲಿ ವಿಳಾಸ ಬರೆಸ್ತಾಳೆ ಅಲ್ವಾ? ಆದ್ರೆ ಭೋಗ್ಯದ ದುಡ್ಡಿಗೆ ಅವಳ ಹಕ್ಕು ಶುರುವಾಗೋದು ಅವತ್ತು ನಡುರಾತ್ರಿ ದಾಟಿದ ಮೇಲೆ. ನಮ್ಮ ಸಾಲ ಅವತ್ತು ಬೆಳಗ್ಗೇನೇ ನೋಂದಣಿ ಆಗ್ಬಿಟ್ರೆ ನಾವು ಮುಂದೆ, ಅವಳು ಹಿಂದೆ. ನಿಮಗೆ ಮೂರು ಕೋಟಿ ಸಿಕ್ತು, ಮೇಲಿನ ಹುಡುಗ ಹೋದ, ಮುಗೀತು."

"ಆ ಹುಡುಗಿಗೆ ಗೊತ್ತಾದ್ರೆ?"

"ಗೊತ್ತಾಗೋ ಹೊತ್ತಿಗೆ ಅವಳು ಪರದೆ ಎಲ್ಲಾ ಹಾಕ್ಕೊಂಡು ಕೂತಿರ್ತಾಳೆ. ಏನ್ಮಾಡ್ತಾಳೆ? ನೀವು ಬಡ್ಡಿ ಕಟ್ಟಿದ್ರೆ ಯಾರಿಗೂ ಏನೂ ತೊಂದ್ರೆ ಇಲ್ಲ."

ಕಟ್ಟದಿದ್ದರೆ ಅಂತ ಅವನು ಹೇಳಲಿಲ್ಲ. ಕಟ್ಟದಿದ್ದರೆ ಮನೆ ಹರಾಜಾಗಿ, ಎಲ್ಲರೂ ಬಾಚಿಕೊಂಡ ಮೇಲೆ ತಳದಲ್ಲಿ ಉಳಿದದ್ದು ಆ ಹುಡುಗಿಗೆ. ಈ ದಾರಿಗೆ ಅಡ್ಡ ಬರುವುದು ಒಂದೇ ಒಂದು ಸಾಲು. ಹಣ ಪಾವತಿಯಾದ ಮರುದಿನದವರೆಗೂ ಯಜಮಾನರು ಮನೆಯ ಮೇಲೆ ಯಾವ ಸಾಲವನ್ನೂ ಮಾಡುವಂತಿಲ್ಲ ಎಂದು ಕರಾರಿನಲ್ಲಿ ಬರೆಯಬೇಕು. ತಿಳಿದ ದಲ್ಲಾಳಿಗಳು ಬರೆಯುತ್ತಾರೆ. ನಾನು ಇಪ್ಪತ್ತೆರಡು ವರ್ಷದಿಂದ ಬರೆಯುತ್ತಾ ಬಂದಿದ್ದೇನೆ, ಅಕ್ಕನ ಹಳೆಯ ಕರಾರುಗಳಲ್ಲೂ ಅದಿದೆ.

ಅಕ್ಕ ನನ್ನ ಮುಖ ನೋಡಿದಳು. ನಾನು ಕಂಪ್ಯೂಟರ್ ನೋಡಿದೆ. ಅವಳು ಸಹಿಯ ಬದಲು ಒತ್ತುವ ತನ್ನ ಹೆಸರಿನ ಮುದ್ರೆಯನ್ನು ಚೀಲದಿಂದ ತೆಗೆದು ಗಿಲ್‌ನ ಅರ್ಜಿಗೆ ಒತ್ತಿದಳು.

ಕರಾರಿನ ದಿನ ಸಿಯನ್ ಜೊತೆ ಅವಳ ತಂದೆಯೂ ಬಂದರು. ಬಾನ್ ಅವರು ಯೊಂಗ್‌ದೊಂಗ್‌ನಲ್ಲಿ ದ್ರಾಕ್ಷಿ ಬೆಳೆಯುವವರು. ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು, ಕನ್ನಡಕ ಹಾಕಿಕೊಂಡು, ಒಂದೊಂದೇ ಪ್ರಶ್ನೆ ಕೇಳಿದರು.

"ಬ್ಯಾಂಕ್ ಸಾಲ ಎಷ್ಟಿದೆ?"

ನೋಂದಣಿ ಪತ್ರ ತೋರಿಸಿದೆ.

"ಇದ್ರಲ್ಲಿ ಬ್ಯಾಂಕಿಂದು ಮಾತ್ರ ಕಾಣುತ್ತೆ. ಕೆಳಗಿನ ಎರಡು ಮನೆಯೋರ ದುಡ್ಡು? ಅವರು ನನ್ನ ಮಗಳಿಗಿಂತ ಮೊದಲು ಬಂದೋರು ತಾನೇ?"

ಪಾಪದ ರೈತ ಅಂದುಕೊಂಡಿದ್ದೆ, ಮನುಷ್ಯ ಎಲ್ಲವನ್ನೂ ಅರೆದು ಕುಡಿದು ಬಂದಿದ್ದ. ಎಂಟೆಂಟು ಕೋಟಿ ಅಂದೆ. ಮನೆಯನ್ನು ಇವತ್ತು ಮಾರಿದರೆ ಎಷ್ಟು ಬರುತ್ತದೆ ಅಂದರು, ಹೇಳಿದೆ. ಎಲ್ಲ ಕೂಡಿಸಿ ಕಳೆದು ಹುಬ್ಬುಗಂಟು ಹಾಕಿ ಕೂತರು. ಕೊನೆಗೆ "ನಡೀತದೆ" ಅಂದರು. ಅವರ ಪಟ್ಟಿಯಲ್ಲಿ ಆ ಒಂದು ಪ್ರಶ್ನೆ ಇರಲಿಲ್ಲ. ನಾನು ಪ್ರಿಂಟ್ ತೆಗೆದ ಕರಾರಿನಲ್ಲಿ ಆ ಒಂದು ಸಾಲೂ ಇರಲಿಲ್ಲ.

ಹೌದು, ಬಿಟ್ಟಿದ್ದೆ. ಅಕ್ಕ ಬಿಡು ಅಂತ ಹೇಳಿರಲಿಲ್ಲ. ಅವಳನ್ನು ಈ ಹೊಂಡಕ್ಕೆ ಇಳಿಸಿದವಳು ನಾನು, ಎತ್ತುವವಳೂ ನಾನೇ ಆಗುತ್ತೇನೆ ಅಂದುಕೊಂಡಿದ್ದೆ. ಹಾಗೆ ಎತ್ತಲು ಬೇರೊಬ್ಬರ ಮಗಳ ಭುಜದ ಮೇಲೆ ಕಾಲಿಡಬೇಕು ಎಂಬುದನ್ನು ಯೋಚಿಸಲಿಲ್ಲ. ಸುಳ್ಳೇಕೆ, ಯೋಚಿಸಿದ್ದೆ. ಯೋಚಿಸಿಯೂ ಬಿಟ್ಟಿದ್ದೆ.

ಬಾನ್ ಅವರು ಮುದ್ರೆಗೆ ಕೆಂಪು ಶಾಯಿ ಹಚ್ಚಿಕೊಂಡರು. ಸಿಯನ್ ಪಕ್ಕದಲ್ಲಿ ಕೂತು ಫೋನಿನಲ್ಲಿ ಯಾವುದೋ ಊಟದ ಮೇಜಿನ ಫೋಟೋ ನೋಡುತ್ತಿದ್ದಳು, ಹೊಸ ಮನೆಗೆಂದು. ಅಷ್ಟರಲ್ಲಿ ಅಕ್ಕ ಮೇಜಿನ ಮೇಲೆ ಬಗ್ಗಿ ಎರಡೂ ಅಂಗೈಯಿಂದ ಕಾಗದವನ್ನು ಮುಚ್ಚಿಬಿಟ್ಟಳು. ಮಣಿಕಟ್ಟಿನ ಹೊಲಿಗೆಯ ಗುರುತುಗಳು ಎಲ್ಲರ ಕಣ್ಣೆದುರಿಗೇ ಇದ್ದವು.

"ಒತ್ತಬೇಡಿ. ಇದ್ರಲ್ಲಿ ಒಂದು ಸಾಲು ಬಿಟ್ಟಿದೆ. ಓಕ್ಜು, ಬರಿ."

"ಅಕ್ಕ, ಏನು..."

"ಬರಿ ಅಂದೆ. ಮರುದಿನದವರೆಗೂ ಸಾಲ ಮಾಡಲ್ಲ ಅಂತ ಬರಿ. ನಾನು ಮಾಡೋದ್ರಲ್ಲಿದ್ದೆ ಸ್ವಾಮಿ. ಅರ್ಜಿಗೆ ಮುದ್ರೆನೂ ಒತ್ತಿದ್ದೆ. ಮೇಲಿನ ಹುಡುಗನಿಗೆ ಹನ್ನೆರಡು ಕೊಡಬೇಕು, ನಿಮ್ಮಿಂದ ಒಂಬತ್ತು ಬರುತ್ತೆ. ಮೂರು ನನ್ನ ಹತ್ರ ಇಲ್ಲ. ಅದನ್ನ ನಿಮ್ಮ ಮಗಳ ತಲೆ ಮೇಲೆ ಹೊರಿಸೋಕೆ ಹೊರಟಿದ್ದೆ."

ಬಾನ್ ಅವರ ಮುಖ ಕೆಂಪೇರಿತು. ನನ್ನ ಕಡೆ ತಿರುಗಿ, "ನಿಮಗೆ ಇದು ಗೊತ್ತಿತ್ತಾ?" ಅಂದರು. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಅಕ್ಕನ ಮೇಲೆ ಸಿಟ್ಟು ಬಂತು, ನನ್ನನ್ನು ಕೇಳದೆ ನನ್ನ ಮಾನವನ್ನೂ ಮೇಜಿನ ಮೇಲೆ ಹರಡಿದಳಲ್ಲ ಅಂತ. ಆ ಸಿಟ್ಟಿಗೂ ಆಮೇಲೆ ನಾಚಿಕೆಯಾಯಿತು.

"ಏಳು ಸಿಯನ್," ಅಂದರು ಬಾನ್. ಗೋಡೆಯ ಪರವಾನಗಿಯನ್ನು ಒಮ್ಮೆ ನೋಡಿದರು. "ದ್ರಾಕ್ಷಿ ಕದಿಯೋ ಹಕ್ಕಿಗಳೇ ವಾಸಿ. ಅವು ಕೊರಳಿಗೆ ಲೈಸೆನ್ಸ್ ನೇತುಹಾಕ್ಕೊಂಡು ಬರಲ್ಲ."

ಇಬ್ಬರೂ ಹೋದರು. ಬಾಗಿಲು ಮುಚ್ಚಿದ ಮೇಲೆ ನಾನು ಕೂಗಾಡಿದೆ. "ಇನ್ನು ಮೂರು ವಾರ! ಯಾರನ್ನ ತರ್ಲಿ ನಾನು? ಒಂದು ನಿಮಿಷ ಬಾಯಿ ಮುಚ್ಕೊಂಡಿದ್ದಿದ್ರೆ ನಿಮ್ಮ ಮನೆ ಉಳೀತಿತ್ತು!"

"ಉಳೀತಿತ್ತು," ಅಂದಳು ಅಕ್ಕ. "ಆದ್ರೆ ಆ ಹುಡುಗಿ ದಿನಾ ನನ್ನ ಬಾಗಿಲ ಮುಂದೇನೇ ಮೆಟ್ಲು ಹತ್ತಬೇಕಲ್ಲೇ. ಅಜ್ಜಿ ಊಟ ಆಯ್ತಾ ಅಂತ ಕೇಳಿದ್ರೆ ನಾನೇನ್ ಹೇಳಲಿ?"

ಗಿಲ್‌ಗೆ ಅಲ್ಲಿಂದಲೇ ಫೋನ್ ಮಾಡಿ ಅರ್ಜಿ ವಾಪಸ್ ತೆಗೆದುಕೊಂಡಳು. ಅವನು ಏನೇನೋ ಅಂದ. ಅವಳು ಫೋನನ್ನು ಕಿವಿಯಿಂದ ದೂರ ಹಿಡಿದು, ಬೈದು ಮುಗಿಯುವವರೆಗೂ ಕಾದು, "ಆಯ್ತಪ್ಪ" ಅಂತ ಇಟ್ಟಳು.

ಆರು ದಿನ ಹುಡುಕಿದರೂ ಹೊಸಬರು ಯಾರೂ ಸಿಗಲಿಲ್ಲ. ಜೇವನ್ ದಿನಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದ. ಅವನ ಹೆಂಡತಿಗೆ ಏಳು ತಿಂಗಳು. "ಮೇಡಂ, ನಾನೇನು ಕೆಟ್ಟವನಾ? ನನ್ನ ದುಡ್ಡು ತಾನೇ ಕೇಳ್ತಿರೋದು?" ಅನ್ನುತ್ತಿದ್ದ. ಅವನು ಕೆಟ್ಟವನಲ್ಲ, ಅದೇ ಕಷ್ಟ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು.

ಏಳನೇ ದಿನ ಬಾನ್ ಅವರೇ ಫೋನ್ ಮಾಡಿದರು. ನನ್ನ ಜೊತೆ ಮಾತಾಡಲು ಇಷ್ಟವಿಲ್ಲ, ಆ ಅಮ್ಮನಿಗೆ ಕೊಡಿ ಅಂದರು. ಆಫೀಸಿನಿಂದ ಎದ್ದು ಓಡಿ ಅಕ್ಕನ ಮನೆಗೆ ಹೋಗಿ ಕೊಟ್ಟೆ. ಸ್ಪೀಕರ್ ಹಾಕಿದ್ದರಿಂದ ಕೇಳಿಸಿತು.

"ಹತ್ತು ಮನೆ ನೋಡಿದೆ ಅಮ್ಮಾ. ಎಲ್ರೂ ಸಾಲ ಇಲ್ಲ, ಏನೂ ಇಲ್ಲ ಅಂತಾರೆ. ಇದೆ ಅಂದಿದ್ದು ನೀವೊಬ್ರೇ. ಒಂದು ಮಾತು ಕೇಳ್ತೀನಿ. ನೀವಿರೋ ನಡುವಿನ ಮನೆ ದೊಡ್ಡದಲ್ವಾ? ನನ್ನ ಚಿಕ್ಕ ಮಗಳೂ ಕಾಲೇಜಿಗೆ ಬರ್ತಾಳೆ. ಅದನ್ನ ಕೊಡೋದಾದ್ರೆ ಹನ್ನೆರಡು ಕೊಡ್ತೀನಿ, ನೇರ ಆ ಹುಡುಗನ ಖಾತೆಗೇ ಹಾಕ್ತೀನಿ. ಆದ್ರೆ ನನ್ನ ಮಕ್ಕಳಿರೋವರೆಗೂ ಮೂರನೇ ಮಹಡೀನ ಭೋಗ್ಯಕ್ಕೆ ಕೊಡಬಾರದು. ತಿಂಗಳ ಬಾಡಿಗೆಗೆ ಬೇಕಾದ್ರೆ ಕೊಟ್ಕೊಳ್ಳಿ. ಮನೆ ಮೇಲೆ ಇನ್ನಷ್ಟು ಭಾರ ಬೀಳಬಾರದು. ಇದನ್ನೂ ಬರೀಬೇಕು, ಆ ಇನ್ನೊಂದು ಸಾಲನ್ನೂ ಬರೀಬೇಕು."

ಅಕ್ಕ ತನ್ನ ಮನೆಯನ್ನು ಒಮ್ಮೆ ಸುತ್ತ ನೋಡಿದಳು. ಕಿಟಕಿಯ ಹತ್ತಿರ ಕಿಮ್ಚಿಯ ಫ್ರಿಜ್ಜು, ಗೋಡೆಯ ಮೇಲೆ ಗಂಡನ ಫೋಟೋ. "ಆಗ್ಲಿ," ಅಂದಳು. ಯೋಚಿಸಿ ನಾಳೆ ಹೇಳ್ತೀನಿ ಅಂತಲೂ ಅನ್ನಲಿಲ್ಲ.

ಮೂರನೇ ಮಹಡಿಯ ಬಾಡಿಗೆ ಬ್ಯಾಂಕಿನ ಬಡ್ಡಿಗೆ ಸರಿಹೋಗುತ್ತದೆ. ಹಾಗಾಗಿ ಅಲ್ಲಿಯೂ ಅವಳು ಇರುವಂತಿಲ್ಲ. ನಾಲ್ಕು ಮನೆಗಳ ಯಜಮಾನಿ, ತನಗೊಂದು ಕೋಣೆ ಹೊರಗೆ ಹುಡುಕಿಕೊಳ್ಳಬೇಕಾಯಿತು. ಸದ್ಯಕ್ಕೆ ನನ್ನ ಆಫೀಸಿನ ಹಿಂದಿನ ಕೋಣೆಯಲ್ಲಿರಿ ಅಂದೆ.

ಹತ್ತೊಂಬತ್ತನೇ ದಿನ ಬೆಳಗ್ಗೆ ಏಳಕ್ಕೇ ಏಣಿ ಲಾರಿ ಬಂದು ಸಾಮಾನು ಇಳಿಸಲು ಮೂರನೇ ಮಹಡಿಯ ಕಿಟಕಿಗೆ ಏಣಿ ಚಾಚಿತು. ಅಕ್ಕನ ಸಾಮಾನು ಆಗಲೇ ಕೆಳಗಿಳಿದಿತ್ತು. ಸಿಯನ್‌ಳ ಲಾರಿ ಬೀದಿಯ ತುದಿಯಲ್ಲಿ ಕಾಯುತ್ತಿತ್ತು. ಹತ್ತೂವರೆಯಾಯಿತು. ಬಾನ್ ಅವರ ಸುದ್ದಿಯಿಲ್ಲ. ಅಷ್ಟು ದೊಡ್ಡ ಮೊತ್ತ ಫೋನಿನಿಂದ ಹೋಗುವುದಿಲ್ಲ, ತಾನೇ ಬ್ಯಾಂಕಿಗೆ ಹೋಗಿ ಕಳಿಸಬೇಕು ಎಂಬುದು ಅವರಿಗೆ ಅಂದು ಬೆಳಗ್ಗೆ ಗೊತ್ತಾಗಿತ್ತಂತೆ. ಭೂತವಿಲ್ಲದ ದಿನ ನೋಡಿ, ಇಡೀ ಊರೇ ಮನೆ ಬದಲಿಸುತ್ತಿತ್ತು. ಬ್ಯಾಂಕಿನಲ್ಲಿ ಅವರ ಮುಂದೆ ಮೂವತ್ತೊಂದು ಜನ. ಹನ್ನೊಂದೂವರೆಯಾಯಿತು. ಜೇವನ್ ಮನೆಯ ಬಾಗಿಲಿಗೆ ಅಡ್ಡ ನಿಂತಿದ್ದ. ದುಡ್ಡು ಬರುವವರೆಗೂ ಬಾಗಿಲ ಬೀಗದ ಗುಟ್ಟಿನ ಸಂಖ್ಯೆ ಹೇಳುವುದಿಲ್ಲ ಅಂದ. ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ಅವನ ಹೆಂಡತಿ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಬಂದು ಅವಳ ಪಕ್ಕ ಕೂತಳು.

ಹನ್ನೊಂದು ಐವತ್ತೆರಡಕ್ಕೆ ಜೇವನ್‌ನ ಫೋನು ಟಿಂಗ್ ಅಂತು. ಅವನು ಸೊನ್ನೆಗಳನ್ನು ಬೆರಳಿಟ್ಟು ಎಣಿಸಿದ. ಆಮೇಲೆ ಅಲ್ಲೇ ಕುಸಿದು ಕೂತು ಅತ್ತ. ಮೂವತ್ತಾರು ವರ್ಷದ ಗಂಡಸು, ಸಾಮಾನು ಇಳಿಸುವವರ ಎದುರಿಗೇ. "ನೋಟಿಸ್ ಕಳಿಸಿದ್ದಕ್ಕೆ ತಪ್ಪು ತಿಳ್ಕೋಬೇಡಿ ಅಮ್ಮಾವ್ರೇ," ಅಂದ.

"ಕಳಿಸಿದ್ದೇ ಒಳ್ಳೇದಾಯ್ತು ಬಿಡು," ಅಂದಳು ಅಕ್ಕ. "ಇಳಿದು ಬಂದು ಹೇಳಿದ್ರೆ ನಾನು ನಂಬ್ತಿರ್ಲಿಲ್ಲ."

ಅಕ್ಕ ಎರಡು ತಿಂಗಳು ನನ್ನ ಆಫೀಸಿನ ಹಿಂದಿನ ಕೋಣೆಯಲ್ಲಿದ್ದಳು. ಬೆಳಗ್ಗೆ ಮಕ್ಕಳ ಟ್ಯೂಷನ್ ಕೇಂದ್ರವೊಂದರಲ್ಲಿ ನೆಲ ಒರೆಸಲು ಹೋಗುತ್ತಾಳೆ, ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು. ಕಳೆದ ವಾರ ಮಾರ್ಕೆಟ್ಟಿನ ಹಿಂದೆ ಅವಳಿಗೊಂದು ಒಂಟಿ ಕೋಣೆ ಗೊತ್ತುಮಾಡಿದೆ. ತಿಂಗಳ ಬಾಡಿಗೆ, ಸಣ್ಣ ಮುಂಗಡ. ಈ ಸಲ ಕಮಿಷನ್ ಬೇಡ ಅಂದೆ. ನೋಂದಣಿ ಪತ್ರ ನಾನೇ ಎರಡು ಸಲ ನೋಡಿದ್ದೆ. ಬರೆಯಬೇಕಾದ್ದನ್ನೆಲ್ಲ ಬರೆದಿದ್ದೆ. ಕರಾರಿಗೆಂದು ಕೋಣೆಯ ಯಜಮಾನ ಬಂದು ಕೂತು ಗಡಿಯಾರ ನೋಡುತ್ತಿದ್ದ.

ಅಕ್ಕ ಕರಾರನ್ನು ಎಳೆದುಕೊಂಡು ಓದಲು ಶುರುಮಾಡಿದಳು. ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ. ಕಾಲು ಗಂಟೆ ಕಳೆಯಿತು. ಕೊನೆಯ ಪುಟ ಮುಗಿಸಿ ಮತ್ತೆ ಮೊದಲ ಪುಟಕ್ಕೆ ಹೋದಳು. ನನಗೆ ತಡೆಯಲಾಗಲಿಲ್ಲ.

"ಏನಕ್ಕ, ನನ್ನ ಮೇಲೆ ಇಷ್ಟೂ ನಂಬಿಕೆ ಇಲ್ವಾ?"

ಅವಳು ತಲೆ ಎತ್ತಲಿಲ್ಲ.

"ನನ್ನನ್ನೇ ನಾನು ನಂಬಲ್ಲ ಕಣೇ ಈಗ. ನೀನ್ಯಾವ ಲೆಕ್ಕ?"

ನಾನು ಯಜಮಾನನಿಗೆ ಒಂದು ಲೋಟ ಕಾಫಿ ಕೊಟ್ಟು, ಇನ್ನೂ ಸ್ವಲ್ಪ ಹೊತ್ತಾಗುತ್ತದೆ ಅಂದೆ.